ಗಾಳ ಬಿಡುವ ಮೊದಲು ತಳ ನೋಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾಫಿ ಕುಯ್ಲು ಮುಗಿದು, ಕರಿಮೆಣಸು ಒಣಗಿಸಿ ಚೀಲಕ್ಕೆ ತುಂಬಿದ ಮೇಲೆ ಕೊಡಗಿನಿಂದ ಘಟ್ಟ ಇಳಿಯುವವರಲ್ಲಿ ಗಾಳದ ಹುಚ್ಚಿನವರೂ ಇದ್ದಾರೆ. ಸಂಪಾಜೆ ಇಳಿದರೆ ಮಂಗಳೂರು, ಮಾಕುಟ್ಟ ಇಳಿದರೆ ಕಣ್ಣೂರು. ನಾಲ್ಕೈದು ಮಂದಿ ಸೇರಿ ದೋಣಿ ಬಾಡಿಗೆಗೆ ಹಿಡಿದು 30, 40, 60 ಮೀಟರ್ ಆಳಕ್ಕೆ ಹೋಗುವುದು ಈಚೆಗೆ ಹೆಚ್ಚಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಹಾಗಾಗಿ ಕುಯ್ಲು ಮುಗಿದ ಮೇಲೆ ಸಿಗುವ ದಿನಗಳು ಕಡಿಮೆ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸಮುದ್ರದ ಚಾರ್ಟ್ (ಆಳ, ತಳ ತೋರಿಸುವ ನಕ್ಷೆ) ಮತ್ತು ಫಿಶ್ ಫೈಂಡರ್ (ನೀರಿಗೆ ಶಬ್ದ ಬಿಟ್ಟು, ಪ್ರತಿಧ್ವನಿಯಿಂದ ತಳವನ್ನೂ ಮೀನನ್ನೂ ಪರದೆಯಲ್ಲಿ ತೋರಿಸುವ ಯಂತ್ರ) ಬಗ್ಗೆಯೇ ಇದ್ದುದರಿಂದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ಕಣ್ಣೂರಿನಿಂದ ಬಾಡಿಗೆ ದೋಣಿಯಲ್ಲಿ ಎರಡು ಸಲ ಹೋದೆವು. ಫಿಶ್ ಫೈಂಡರ್ ಪರದೆಯ ತುಂಬ ಮೀನಿನ ಗುರುತು. ಗಾಳ ಬಿಟ್ಟರೆ ಒಂದೂ ಕಚ್ಚಲಿಲ್ಲ. ಯಂತ್ರ ಸುಳ್ಳು ಹೇಳುತ್ತದೆಯೇ? – ವಿರಾಜಪೇಟೆಯ ಓದುಗರು

ಯಂತ್ರ ಸುಳ್ಳು ಹೇಳಿಲ್ಲ. ನೀವು ನೋಡಿದ್ದು ಆಗಲೇ ಹಿಂದೆ ಬಿದ್ದ ಜಾಗದ ಚಿತ್ರ. ಪರದೆಯ ಬಲ ಅಂಚಿನಲ್ಲಿರುವ ಒಂದು ಗೆರೆಯಷ್ಟೇ ಈ ಕ್ಷಣ ದೋಣಿಯ ಕೆಳಗೆ ಇರುವುದು. ಅದರ ಎಡಕ್ಕೆ ಇರುವುದೆಲ್ಲ ಕಳೆದ ಅರ್ಧ ನಿಮಿಷದ್ದೋ ಒಂದು ನಿಮಿಷದ್ದೋ. 5 ನಾಟ್ ವೇಗದಲ್ಲಿ ದೋಣಿ ಸೆಕೆಂಡಿಗೆ ಎರಡೂವರೆ ಮೀಟರ್ ಸಾಗುತ್ತದೆ. ಪರದೆಯ ನಡುವೆ ಗುರುತು ಕಂಡು, ಎಂಜಿನ್ ನಿಲ್ಲಿಸಿ, ಎರೆ ಸಿಕ್ಕಿಸಿ, ಗಾಳ ಬಿಡುವಷ್ಟರಲ್ಲಿ ಆ ಮೀನಿನಿಂದ ನೀವು ನೂರು ಮೀಟರ್ ದೂರ. ಈಗಿನ ಯಂತ್ರಗಳಲ್ಲಿ ಪರದೆಯ ಮೇಲೆ ಕಂಡ ಗುರುತಿನ ಮೇಲೇ ಬೆರಳಿಟ್ಟು ಮಾರ್ಕ್ ಮಾಡಬಹುದು. ಆಗ ಆ ಗುರುತು ಬಂದ ಕ್ಷಣದ ಜಿಪಿಎಸ್ ಜಾಗ ಉಳಿಯುತ್ತದೆ. ಮಾರ್ಕ್ ಮಾಡಿ, ತಿರುಗಿ ಬಂದು, ಅದರ ಮೇಲ್ಹರಿವಿನ ಕಡೆಯಿಂದ ಶುರು ಮಾಡಿ.

ಎರಡನೆಯದು, ಬಿಲ್ಲಿನಂಥ ಗುರುತಿನ ಅರ್ಥ. ಯಂತ್ರದ ನೀರಿನೊಳಗಿನ ಭಾಗವಾದ ಟ್ರಾನ್ಸ್‌ಡ್ಯೂಸರ್ ಕಳುಹಿಸುವ ಶಬ್ದ ಟಾರ್ಚಿನ ಬೆಳಕಿನ ಹಾಗೆ ಕೆಳಗಿಳಿಯುತ್ತಾ ಅಗಲವಾಗುತ್ತದೆ. ಮೀನು ಆ ಶಂಕುವಿನ ಅಂಚಿನಲ್ಲಿದ್ದಾಗ ದೂರ ಹೆಚ್ಚು, ನಡುವೆ ಬಂದಾಗ ಕಡಿಮೆ, ಆಚೆ ಅಂಚಿಗೆ ಹೋದಾಗ ಮತ್ತೆ ಹೆಚ್ಚು. ಅದಕ್ಕೇ ಬಿಲ್ಲು. ಉದ್ದದ ಬಿಲ್ಲು ಅಂದರೆ ಉದ್ದದ ಮೀನಲ್ಲ, ಶಂಕುವಿನೊಳಗೆ ಹೆಚ್ಚು ಹೊತ್ತು ಇದ್ದ ಮೀನು. ಲಂಗರು ಹಾಕಿ ನಿಂತ ದೋಣಿಯ ಕೆಳಗೆ ಒಂದು ಗೇಣಿನ ಮೀನು ಸುಮ್ಮನೆ ನಿಂತರೂ ಪರದೆಯ ಉದ್ದಕ್ಕೂ ಗೆರೆ ಎಳೆಯುತ್ತದೆ. ಗಾತ್ರ ಅಂದಾಜು ಮಾಡಬೇಕಾದರೆ ಬಿಲ್ಲಿನ ದಪ್ಪ ಮತ್ತು ಬಣ್ಣದ ಗಾಢತೆ ನೋಡಿ.

ಪರದೆಯಲ್ಲಿ ಪುಟ್ಟ ಮೀನಿನ ಚಿತ್ರಗಳು ಕಾಣುತ್ತಿದ್ದರೆ 'ಫಿಶ್ ಐಡಿ' ಚಾಲೂ ಇದೆ ಎಂದರ್ಥ. ಮೊದಲು ಅದನ್ನು ಆರಿಸಿ. ಗುಳ್ಳೆ, ತೇಲುವ ಕಸ, ನಿಮ್ಮದೇ ಸೀಸದ ಗುಂಡು, ಏನು ಸಿಕ್ಕಿದರೂ ಅದು ಮೀನಿನ ಚಿತ್ರ ಬಿಡಿಸುತ್ತದೆ. ಚಿತ್ರವಿಲ್ಲದ ಕಚ್ಚಾ ಪ್ರತಿಧ್ವನಿ ಓದಲು ಕಲಿತವರಿಗೆ ಮಾತ್ರ ಈ ಯಂತ್ರದ ಪೂರ್ತಿ ಬೆಲೆ ವಸೂಲಾಗುತ್ತದೆ.

ಮೂರನೆಯದು, ಎಲ್ಲ ಮೀನೂ ಒಂದೇ ರೀತಿ ಕಾಣುವುದಿಲ್ಲ. ಶಬ್ದವನ್ನು ಜೋರಾಗಿ ವಾಪಸ್ ಕಳಿಸುವುದು ಮೀನಿನ ಮಾಂಸವಲ್ಲ, ಹೊಟ್ಟೆಯೊಳಗಿನ ಗಾಳಿಚೀಲ. ಮುರು ಮೀನು, ಕೆಂಪು ಸ್ನ್ಯಾಪರ್, ಕೊಡ್ಡಾಯಿ ಇವುಗಳಿಗೆ ಗಾಳಿಚೀಲ ಇದೆ, ದಪ್ಪಗೆ ಕಾಣುತ್ತವೆ. ಎಲ್ಲರೂ ಬಯಸುವ ಅಂಜಲ್‌ಗೆ ಗಾಳಿಚೀಲವೇ ಇಲ್ಲ. ಐದು ಕೆ.ಜಿ. ಅಂಜಲ್ ಪರದೆಯಲ್ಲಿ ಸಣ್ಣ ಮರಿಯಷ್ಟು ಮಸುಕಾಗಿ ಬರಬಹುದು, ಬರದೆಯೂ ಇರಬಹುದು. ಶಾರ್ಕ್‌ಗಳೂ ಹಾಗೆಯೇ. ಆದ್ದರಿಂದ ಅಂಜಲ್‌ಗೆ ಹೋಗುವವರು ಅಂಜಲನ್ನು ಹುಡುಕುವುದಕ್ಕಿಂತ ಅದು ತಿನ್ನುವ ಸಣ್ಣ ಮೀನಿನ ಗುಂಪನ್ನು ಹುಡುಕಬೇಕು. ನಡುನೀರಿನಲ್ಲಿ ಮೋಡದ ಹಾಗೆ ಕಾಣುವ ಗುಂಪು ಒಂದು ಕಡೆ ಹರಿದು, ಚದುರಿ, ತುಂಡಾಗಿದ್ದರೆ ಅಲ್ಲಿ ಬೇಟೆ ನಡೆಯುತ್ತಿದೆ ಎಂದು ತಿಳಿಯಿರಿ.

ಇನ್ನೂ ಒಂದು ಮುಖ್ಯ ಮಾತು. ಮೀನು ಅತ್ತಿತ್ತ ಹೋಗುತ್ತದೆ, ತಳ ಎಲ್ಲಿಗೂ ಹೋಗುವುದಿಲ್ಲ. ಮೊದಲ ಎರಡು ಪ್ರಯಾಣದಲ್ಲಿ ಮೀನಿನ ಗುರುತಿಗೆ ಗಮನ ಕೊಡದೆ, ಮೀನು ಸೇರುವ ಕಲ್ಲು, ಏರು, ಅಂಚು ಇವನ್ನಷ್ಟೇ ಗುರುತು ಮಾಡಿಕೊಂಡು ಬನ್ನಿ. ಮೂರನೆಯ ಪ್ರಯಾಣದಿಂದ ಅದರ ಫಲ ಕಾಣುತ್ತದೆ.

ಪ್ರಶ್ನೆ: ಫೋನಿನ ಆ್ಯಪ್‌ನಲ್ಲಿ ಸಮುದ್ರದ ಆಳ ತೋರಿಸುತ್ತದಲ್ಲ, ಅದು ಸಾಲದೆ? ಚಾರ್ಟ್ ಬೇರೆ ಬೇಕೇ? – ಮಡಿಕೇರಿಯ ಓದುಗರು

ಆ್ಯಪ್‌ನಲ್ಲಿ ಕಾಣುವ ಚಿತ್ರ ಎಲ್ಲಿಂದ ಬಂದಿದೆ ಎನ್ನುವುದರ ಮೇಲೆ ಹೋಗುತ್ತದೆ. ಉಚಿತವಾಗಿ ಸಿಗುವ ಬಣ್ಣಬಣ್ಣದ ಸಮುದ್ರತಳದ ನಕ್ಷೆಗಳು ಹೆಚ್ಚಾಗಿ ಜೆಬ್ಕೊ ಎಂಬ ಜಾಗತಿಕ ದತ್ತಾಂಶದಿಂದ ತಯಾರಾದವು. ಅದರಲ್ಲಿ ಒಂದು ಚೌಕ ಸುಮಾರು 450 ಮೀಟರ್ ಅಗಲ. ಆ ಚೌಕಕ್ಕೆಲ್ಲ ಸೇರಿ ಒಂದೇ ಆಳ. ನಿಮಗೆ ಬೇಕಾದ ಕಲ್ಲು 30 ಮೀಟರ್ ಅಗಲವಿದ್ದರೆ ಅದು ಅದರಲ್ಲಿ ಕಾಣುವ ಪ್ರಶ್ನೆಯೇ ಇಲ್ಲ. ಇಳಿಜಾರು ಯಾವ ಕಡೆಗೆ, 50 ಮೀಟರ್ ಗೆರೆ ಎಷ್ಟು ದೂರ ಎಂಬ ಅಂದಾಜಿಗೆ ಸಾಕು. ದೋಣಿ ನಡೆಸಲು ಅದನ್ನು ಎಂದೂ ನಂಬಬೇಡಿ.

ನಮ್ಮ ಕರಾವಳಿಯ ಅಧಿಕೃತ ಚಾರ್ಟ್‌ಗಳನ್ನು ತಯಾರಿಸುವುದು ಡೆಹ್ರಾಡೂನಿನಲ್ಲಿರುವ ರಾಷ್ಟ್ರೀಯ ಜಲಮಾಪನ ಕಚೇರಿ. ಕಾಗದದ ಚಾರ್ಟ್ ಮೇಜಿನ ಮೇಲೆ ಹರಡಿ ಒಂದು ಸಂಜೆ ಕುಳಿತರೆ ಪರದೆ ಕಲಿಸದ್ದು ಬಹಳ ಕಲಿಸುತ್ತದೆ. ಅದರಲ್ಲಿರುವ ಅಂಕಿ ಮೀಟರ್‌ನಲ್ಲಿ ಆಳ. ದೊಡ್ಡ ಅಂಕಿಯ ಪಕ್ಕ ಕೆಳಗೆ ಸಣ್ಣ ಅಂಕಿ ಇದ್ದರೆ ಅದು ದಶಮಾಂಶ. 12ರ ಪಕ್ಕ ಸಣ್ಣ 4 ಅಂದರೆ 12.4 ಮೀಟರ್. ಅಂಕಿಯ ಕೆಳಗೆ ಅಡ್ಡಗೆರೆ ಇದ್ದರೆ ಅದು ಆಳವಲ್ಲ, ಇಳಿತದಲ್ಲಿ ನೀರಿನಿಂದ ಹೊರಗೆ ಕಾಣುವ ಎತ್ತರ. ಇದನ್ನು ತಿರುಗಾಮುರುಗಾ ಓದಿದವರು ದೋಣಿಯನ್ನು ಬಂಡೆಗೆ ಕೊಟ್ಟಿದ್ದಾರೆ.

ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರಗಳಿರುತ್ತವೆ. ಎಂ ಅಂದರೆ ಕೆಸರು, ಎಸ್ ಮರಳು, ಎಸ್‌ಎಚ್ ಚಿಪ್ಪು, ಸಿಒ ಹವಳ, ಆರ್ ಬಂಡೆ. ಗಾಳದವರಿಗೆ ಆಳದ ಅಂಕಿಗಿಂತಲೂ ಈ ಅಕ್ಷರಗಳೇ ಹೆಚ್ಚು ಬೇಕು. ನಮ್ಮ ಕರಾವಳಿಯಾಚೆಯ ತಳ ದಡದಿಂದ ಹೆಚ್ಚುಕಡಿಮೆ 50 ಮೀಟರ್ ಆಳದವರೆಗೆ ನದಿಗಳು ತಂದು ಹಾಕಿದ ಮೆತ್ತನೆಯ ಕೆಸರು. ಅದರಾಚೆ ಸಮುದ್ರಮಟ್ಟ ಕೆಳಗಿದ್ದ ಕಾಲದಲ್ಲಿ ಉಳಿದ ಹಳೆಯ ಒರಟು ಮರಳು, ಚಿಪ್ಪು, ಸುಣ್ಣಕಲ್ಲಿನ ತುಣುಕುಗಳು. ಹಾಗಾಗಿ ಮೈಲುಗಟ್ಟಲೆ 'ಎಂ' ಇರುವ ಕಡೆ ಒಂಟಿ 'ಆರ್' ಕಂಡರೆ, ಅಥವಾ 'ಎಂ' ಮುಗಿದು 'ಎಸ್' 'ಎಸ್‌ಎಚ್' ಶುರುವಾಗುವ ಗಡಿ ಕಂಡರೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಸಮಾನ ಆಳದ ಗೆರೆಗಳು ಒತ್ತೊತ್ತಾಗಿ ಬಂದ ಜಾಗಕ್ಕೂ, ಗೆರೆ ಒಳಗೆ ಬಾಗಿ ಮೂಗಿನಂತೆ ಚಾಚಿದ ಜಾಗಕ್ಕೂ ಸುತ್ತು ಹಾಕಿ. ತೋಟದ ಸರ್ವೆ ನಕ್ಷೆಯಲ್ಲಿ ಬರೆ ಎಲ್ಲಿ, ಗದ್ದೆ ಎಲ್ಲಿ ಎಂದು ಗೆರೆ ನೋಡಿಯೇ ಹೇಳಬಲ್ಲ ಕೊಡಗಿನವರಿಗೆ ಇದು ಕಷ್ಟವಲ್ಲ.

ಚಾರ್ಟಿನ ಮೂಲೆಯಲ್ಲಿ ಯಾವ ಭಾಗವನ್ನು ಯಾವಾಗ ಅಳೆದರು ಎಂಬ ಪುಟ್ಟ ನಕ್ಷೆ ಇರುತ್ತದೆ. ಅದನ್ನು ಬಿಟ್ಟು ಓದಬೇಡಿ. ಹಿಂದೆ ಹಗ್ಗಕ್ಕೆ ಸೀಸ ಕಟ್ಟಿ ಅಳೆದ ಜಾಗದಲ್ಲಿ ಎರಡು ಅಂಕಿಗಳ ನಡುವೆ ಏನಿದೆ ಎಂದು ಯಾರೂ ನೋಡಿಲ್ಲ. ಗಾಳದವರಿಗೆ ಅದು ಆಸೆಯ ಜಾಗ, ದೋಣಿಗೆ ಅಪಾಯದ ಜಾಗ. ಮುಳುಗಿದ ಹಡಗಿನ ಗುರುತಿನ ಪಕ್ಕ 'ಪಿಎ' ಎಂದಿದ್ದರೆ ಜಾಗ ಅಂದಾಜಿನದು, 'ಪಿಡಿ' ಎಂದಿದ್ದರೆ ಜಾಗ ಅನುಮಾನದ್ದು, 'ಇಡಿ' ಎಂದಿದ್ದರೆ ಅದು ಅಲ್ಲಿ ಇದೆಯೋ ಇಲ್ಲವೋ ಎಂಬುದೇ ಅನುಮಾನ.

ಎಲ್ಲಕ್ಕೂ ಮೊದಲು ದೋಣಿ ನಡೆಸುವ ತಂಡೇಲರ ಮಾತು ಕೇಳಿ. ಅವರು ಮಾರು ಲೆಕ್ಕದಲ್ಲಿ ಹೇಳಿದರೆ 1.8 ಮೀಟರಿನಿಂದ ಗುಣಿಸಿ. 20 ಮಾರು ಅಂದರೆ 36 ಮೀಟರ್.

ಪ್ರಶ್ನೆ: ಪರಿಚಯದವರು ಮಂಗಳೂರಿನಾಚೆ ಒಂದು ಕಲ್ಲಿನ ಅಕ್ಷಾಂಶ ರೇಖಾಂಶ ಕೊಟ್ಟರು. ಅಂಕಿ ಹಾಕಿ ಅಲ್ಲಿಗೇ ಹೋದರೂ ಬರೀ ಸಪಾಟು ಕೆಸರು. ಅವರು ಅಂಕಿಯನ್ನೇ ತಪ್ಪು ಕೊಟ್ಟರೇ? – ಕುಶಾಲನಗರದ ಓದುಗರು

ಅವರ ಮೇಲೆ ಅನುಮಾನ ಪಡುವ ಮೊದಲು ಅಂಕಿಯನ್ನು ಯಾವ ರೂಪದಲ್ಲಿ ಕೊಟ್ಟರು, ಯಾವ ರೂಪದಲ್ಲಿ ಹಾಕಿದಿರಿ ಎಂದು ನೋಡಿ. ನಮಗೆ ಬರುವ ಇಂಥ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಬಗೆಹರಿಯುತ್ತವೆ. ಒಂದೇ ಜಾಗವನ್ನು ಮೂರು ರೀತಿ ಬರೆಯಬಹುದು: 12 ಡಿಗ್ರಿ 50 ನಿಮಿಷ 30 ಸೆಕೆಂಡ್, 12 ಡಿಗ್ರಿ 50.500 ನಿಮಿಷ, 12.8417 ಡಿಗ್ರಿ. ಸೆಕೆಂಡಿನ ಲೆಕ್ಕದಲ್ಲಿ ಕೊಟ್ಟ 30 ಅನ್ನು ದಶಮಾಂಶ ಎಂದುಕೊಂಡು 50.30 ಎಂದು ಹಾಕಿದರೆ 0.2 ನಿಮಿಷ ಹೆಚ್ಚುಕಡಿಮೆ. ಅಕ್ಷಾಂಶದ ಒಂದು ನಿಮಿಷ 1852 ಮೀಟರ್. ಅಂದರೆ ನೀವು ಕಲ್ಲಿನಿಂದ 370 ಮೀಟರ್ ದಕ್ಷಿಣಕ್ಕೆ ನಿಂತು ಕೆಸರು ನೋಡುತ್ತಿದ್ದೀರಿ. ಸೆಕೆಂಡನ್ನು 60ರಿಂದ ಭಾಗಿಸಿದರೆ ದಶಮಾಂಶ ಸಿಗುತ್ತದೆ. ಯಂತ್ರದ ಸೆಟ್ಟಿಂಗ್‌ನಲ್ಲಿ ಯಾವ ರೂಪ ಇದೆ ಎಂದು ನೋಡಿ, ಡೇಟಂ (ಅಕ್ಷಾಂಶ ರೇಖಾಂಶ ಎಣಿಸುವ ಆಧಾರ) ಡಬ್ಲ್ಯುಜಿಎಸ್ 84 ಎಂದು ಇರಲಿ. ತೀರ ಹಳೆಯ ಪಟ್ಟಿಯಿಂದ ಎತ್ತಿದ ಅಂಕಿಯಾದರೆ ಬೇರೆ ಡೇಟಂನದ್ದಿರಬಹುದು. ಆಗಲೂ ನೂರಾರು ಮೀಟರ್ ಜಾರುತ್ತದೆ.

ಅಂಕಿ ಸರಿಯಿದ್ದೂ ಕಲ್ಲು ಸಿಗದಿದ್ದರೆ ಹುಡುಕಬೇಕು, ಗದ್ದೆ ಉಳುವ ಹಾಗೆ ಸಾಲು ಸಾಲಾಗಿ. 40 ಮೀಟರ್ ಆಳದಲ್ಲಿ 200 ಕಿಲೋಹರ್ಟ್ಸ್ ಶಬ್ದ 20 ಡಿಗ್ರಿ ಶಂಕುವಿನಲ್ಲಿ ಇಳಿದು ತಳದಲ್ಲಿ 14 ಮೀಟರ್ ಅಗಲದ ಸುತ್ತು ನೋಡುತ್ತದೆ. 50 ಕಿಲೋಹರ್ಟ್ಸ್ 45 ಡಿಗ್ರಿಯಲ್ಲಿ ಇಳಿದು 33 ಮೀಟರ್ ನೋಡುತ್ತದೆ. ಹುಡುಕುವಾಗ 50 ಇಟ್ಟುಕೊಳ್ಳಿ, ಸಾಲುಗಳ ನಡುವೆ 20 ಮೀಟರ್ ಬಿಡಿ. 400 ಮೀಟರ್ ಉದ್ದಗಲದ ಚೌಕಕ್ಕೆ 20 ಸಾಲು, ಒಟ್ಟು 8 ಕಿ.ಮೀ. 5 ನಾಟ್ ವೇಗದಲ್ಲಿ ತಿರುವುಗಳೂ ಸೇರಿ ಸುಮಾರು ಒಂದು ಗಂಟೆ. ಜಿಪಿಎಸ್ ಪರದೆಯಲ್ಲಿ ಸಾಗಿದ ದಾರಿ ಉಳಿಯುವಂತೆ ಇಟ್ಟರೆ ಬಿಟ್ಟುಹೋದ ಸಾಲು ಕಣ್ಣಿಗೆ ಬೀಳುತ್ತದೆ. ಕಲ್ಲು ಸಿಕ್ಕಿದ ಕೂಡಲೆ 200ಕ್ಕೆ ಬದಲಿಸಿ ಅದರ ಮೇಲೆ ಉತ್ತರ ದಕ್ಷಿಣವಾಗಿ ಒಮ್ಮೆ, ಪೂರ್ವ ಪಶ್ಚಿಮವಾಗಿ ಒಮ್ಮೆ ಹೋಗಿ. ಎರಡೂ ಸಲ ಎತ್ತರದ ತುದಿಯನ್ನು ಮಾರ್ಕ್ ಮಾಡಿ. ಒಂದೇ ದಿಕ್ಕಿನಿಂದ ಬಂದು ಮಾಡಿದ ಮಾರ್ಕ್ ಜಿಪಿಎಸ್ ಆಂಟೆನಾಕ್ಕೂ ಟ್ರಾನ್ಸ್‌ಡ್ಯೂಸರ್‌ಗೂ ಇರುವ ಅಂತರದಷ್ಟು ತಪ್ಪಿರುತ್ತದೆ.

ಪ್ರಶ್ನೆ: ಚಾರ್ಟಿನಲ್ಲಿ 22 ಮೀಟರ್, ಯಂತ್ರದಲ್ಲಿ 22.8. ಯಾವುದು ಸರಿ? – ಸುಂಟಿಕೊಪ್ಪದ ಓದುಗರು

ಎರಡೂ ಸರಿ. ಚಾರ್ಟಿನ ಆಳವನ್ನು ಬಹಳ ಇಳಿತದ ಮಟ್ಟದಿಂದ ಲೆಕ್ಕ ಹಾಕಿರುತ್ತಾರೆ. ಆ ಹೊತ್ತಿನ ಉಬ್ಬರ 1.2 ಮೀಟರ್ ಇದ್ದರೆ ನಿಜವಾದ ನೀರು 23.2. ಯಂತ್ರ ಅಳೆಯುವುದು ನೀರಿನ ಮೇಲ್ಮೈಯಿಂದಲ್ಲ, ಟ್ರಾನ್ಸ್‌ಡ್ಯೂಸರ್‌ನಿಂದ. ಅದು 40 ಸೆಂ.ಮೀ. ಕೆಳಗಿದ್ದರೆ 22.8 ಬರುತ್ತದೆ. ಸೆಟ್ಟಿಂಗ್‌ನಲ್ಲಿ ಆ 0.4 ಕೂಡಿಸಿ. ಮಂಗಳೂರಿನ ಕಡೆ ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರ ಇಳಿತದ ವ್ಯತ್ಯಾಸ ಒಂದೂವರೆ ಮೀಟರ್ ಆಸುಪಾಸು. ಆಳದಲ್ಲಿ ಇದು ದೊಡ್ಡ ಮಾತಲ್ಲ, ಅಳಿವೆ ಬಾಗಿಲಲ್ಲಿ ಬಹಳ ದೊಡ್ಡ ಮಾತು.

ಪ್ರಶ್ನೆ: 40ರಿಂದ 60 ಮೀಟರ್ ಆಳಕ್ಕೆ ಯಂತ್ರವನ್ನು ಹೇಗೆ ಸೆಟ್ ಮಾಡಬೇಕು? ಆಟೋದಲ್ಲೇ ಬಿಡಬಹುದೇ? ತಳ ಕಲ್ಲೋ ಕೆಸರೋ ಹೇಗೆ ಗೊತ್ತಾಗುತ್ತದೆ? – ಸೋಮವಾರಪೇಟೆಯ ಓದುಗರು

ಆಟೋದಲ್ಲಿ ಬಿಟ್ಟರೆ ಪರದೆ ಚೆನ್ನಾಗಿ ಕಾಣುತ್ತದೆ, ಮಾಹಿತಿ ಹೋಗುತ್ತದೆ. ಮಸುಕಾದ ಪ್ರತಿಧ್ವನಿಯನ್ನು ಕಸವೆಂದು ಯಂತ್ರವೇ ಒರೆಸಿಬಿಡುತ್ತದೆ. ಅಂಜಲ್ ಒರೆಸಿಹೋಗುವುದು ಇಲ್ಲೇ.

ನಿಂತ ನೀರಿನಲ್ಲಿ, ಎಂಜಿನ್ ನಿಧಾನಕ್ಕಿಟ್ಟು ಹೀಗೆ ಮಾಡಿ. ಆಳದ ವ್ಯಾಪ್ತಿಯನ್ನು ಕೈಯಿಂದ ಇಡಿ, 50 ಮೀಟರ್ ನೀರಿಗೆ 0ರಿಂದ 60. ಗೇನ್ ಅನ್ನು, ಅಂದರೆ ಪ್ರತಿಧ್ವನಿ ಹಿಡಿಯುವ ಸೂಕ್ಷ್ಮತೆಯನ್ನು, ಮೆಲ್ಲಗೆ ಏರಿಸುತ್ತಾ ಹೋಗಿ. ಪರದೆಯ ತುಂಬ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳು ಬರುತ್ತವೆ. ಅಲ್ಲಿಂದ ಹಿಂದೆ ಇಳಿಸಿ, ಅಲ್ಲೊಂದು ಇಲ್ಲೊಂದು ಚುಕ್ಕೆ ಉಳಿದಾಗ ನಿಲ್ಲಿಸಿ. ಚುಕ್ಕೆಯೇ ಇಲ್ಲದ ಶುಭ್ರ ಪರದೆ ಅಂದರೆ ಗೇನ್ ಸಾಲದು. ಶಬ್ದ ಸೋಸುವ ಫಿಲ್ಟರ್ ಕನಿಷ್ಠಕ್ಕೆ ಇರಲಿ. ಪರದೆ ಓಡುವ ವೇಗ ಜೋರಾಗಿರಲಿ. ಪರದೆಯನ್ನು ಎರಡಾಗಿ ಸೀಳಿ, ಒಂದು ಕಡೆ ಪೂರ್ತಿ ನೀರು, ಇನ್ನೊಂದು ಕಡೆ ತಳದ ಮೇಲಿನ 10 ಮೀಟರ್ ಮಾತ್ರ ದೊಡ್ಡದಾಗಿ. ಮುರು ಮೀನಿನವರು ಈ ಎರಡನೆಯ ಭಾಗದಿಂದ ಕಣ್ಣು ತೆಗೆಯಬಾರದು.

ತಳಕ್ಕೆ ಅಂಟಿ ಕೂರುವ ಮೀನಿನ ವಿಷಯದಲ್ಲಿ ಶಂಕುವಿನ ಅಗಲವೇ ಶತ್ರು. 40 ಮೀಟರ್ ಆಳದಲ್ಲಿ 45 ಡಿಗ್ರಿ ಶಂಕುವಿನ ಅಂಚಿನಲ್ಲಿರುವ ಮೀನು ತಳದಿಂದ 3 ಮೀಟರ್ ಮೇಲಿದ್ದರೂ ಕಾಣದು. ಓರೆಯ ದಾರಿ ಉದ್ದವಾದ್ದರಿಂದ ಅದರ ಪ್ರತಿಧ್ವನಿ ವಾಪಸ್ ಬರುವ ಹೊತ್ತಿಗೆ ನೇರ ಕೆಳಗಿನ ತಳದ ಪ್ರತಿಧ್ವನಿ ಆಗಲೇ ಬಂದು ಪರದೆ ತುಂಬಿರುತ್ತದೆ. ಅದೇ 20 ಡಿಗ್ರಿಯಲ್ಲಿ ಈ ಕುರುಡು ಪಟ್ಟಿ ಬರೀ 60 ಸೆಂ.ಮೀ. ಇಳಿಜಾರಿನಲ್ಲಿ ಇದು ಇನ್ನೂ ಹೆಚ್ಚು. ಕಲ್ಲಿನ ಪಕ್ಕಕ್ಕೆ ಅಂಟಿದ ಮೀನು ಕಲ್ಲಿನ ತುದಿಯ ಪ್ರತಿಧ್ವನಿಯಲ್ಲಿ ಮುಚ್ಚಿಹೋಗುತ್ತದೆ. ಹುಡುಕಲು 50, ನೋಡಲು 200 ಎಂದು ಮೇಲೆ ಹೇಳಿದ್ದು ಇದಕ್ಕೇ.

ಕಲ್ಲೋ ಕೆಸರೋ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ವ್ಯಾಪ್ತಿಯನ್ನು ಆಳದ ಎರಡರಷ್ಟಕ್ಕಿಂತ ಹೆಚ್ಚಿಗೆ ಇಡಿ, 40 ಮೀಟರ್ ನೀರಿಗೆ 100. ತಳ ಗಟ್ಟಿಯಿದ್ದರೆ ಶಬ್ದ ತಳಕ್ಕೆ ಬಡಿದು, ನೀರಿನ ಮೇಲ್ಮೈಗೆ ಬಡಿದು, ಮತ್ತೆ ತಳಕ್ಕೆ ಬಡಿದು ಬರುತ್ತದೆ. 80 ಮೀಟರ್ ಹತ್ತಿರ ಎರಡನೆಯ ತಳ ಕಾಣುತ್ತದೆ. ಮೆತ್ತನೆಯ ಕೆಸರಿನಲ್ಲಿ ಈ ಎರಡನೆಯ ಗೆರೆ ಬರುವುದಿಲ್ಲ, ಬಂದರೂ ಕಂಡೂ ಕಾಣದ ಹಾಗೆ. ಗೇನ್ ಬದಲಿಸದೆ ದೋಣಿ ಸಾಗಿಸಿ. ಎರಡನೆಯ ಗೆರೆ ತಟ್ಟನೆ ಮೂಡಿದ ಜಾಗವೇ ಕೆಸರು ಮುಗಿದ ಜಾಗ. ಮೊದಲ ತಳದ ಬಾಲ ಉದ್ದವಾಗಿ ದಪ್ಪಗಿದ್ದರೆ ಕಲ್ಲು, ತೆಳುವಾಗಿದ್ದರೆ ಕೆಸರು. ಅನುಮಾನವಿದ್ದರೆ ಸೀಸದ ಗುಂಡಿನ ತಳಕ್ಕೆ ಗ್ರೀಸ್ ಹಚ್ಚಿ ಇಳಿಸಿ. ಅಂಟಿಕೊಂಡು ಬಂದದ್ದು ಮರಳೋ ಚಿಪ್ಪೋ ಎಂದು ಬೆರಳಿಂದ ಮುಟ್ಟಿ ನೋಡಿ. ಇದು ಹಳೆಯ ನಾವಿಕರ ಕ್ರಮ, ಇವತ್ತಿಗೂ ಇದಕ್ಕಿಂತ ಖಚಿತವಾದ್ದು ಇಲ್ಲ.

ಪ್ರಶ್ನೆ: ಐದು ಇಂಚಿನ ಫಿಶ್ ಫೈಂಡರ್ ಕೊಂಡಿದ್ದೇನೆ. ಬಾಡಿಗೆ ಫೈಬರ್ ದೋಣಿಗೆ ಕಟ್ಟಿದರೆ ನಿಂತಾಗ ಸರಿ, ಓಡುವಾಗ ತಳವೇ ಮಾಯ. – ಗೋಣಿಕೊಪ್ಪಲಿನ ಓದುಗರು

ಟ್ರಾನ್ಸ್‌ಡ್ಯೂಸರ್ ಮುಖಕ್ಕೆ ಗಾಳಿಗುಳ್ಳೆ ಬರುತ್ತಿದೆ. ಶಬ್ದ ನೀರಿನಿಂದ ಗುಳ್ಳೆಯ ಗಾಳಿಯನ್ನು ದಾಟಿ ಹೋಗಲಾರದು. ಗುಳ್ಳೆಯ ಪರದೆ ಅಡ್ಡ ಬಂದರೆ ಎಷ್ಟು ವ್ಯಾಟ್ ಇದ್ದರೂ ಅಷ್ಟೇ.

ದೋಣಿಯ ಹಿಂಬದಿಗೆ ಕಟ್ಟುವುದಾದರೆ ಪ್ರೊಪೆಲ್ಲರ್‌ನಿಂದ ಕನಿಷ್ಠ 38 ಸೆಂ.ಮೀ. ದೂರ ಇರಲಿ. ಮುಂದಿನಿಂದ ನೋಡಿಕೊಂಡು ಬನ್ನಿ: ಟ್ರಾನ್ಸ್‌ಡ್ಯೂಸರ್‌ನ ನೇರಕ್ಕೆ ದೋಣಿಯ ತಳದಲ್ಲಿ ಪಟ್ಟಿ, ಬೋಲ್ಟ್, ನೀರೆಳೆಯುವ ತೂತು ಇರಬಾರದು, ಗುಳ್ಳೆ ಹುಟ್ಟುವುದು ಅಲ್ಲಿಂದಲೇ. ಫೈಬರ್ ದೋಣಿಯಲ್ಲಿ ಅದರ ಮುಖ ದೋಣಿಯ ತಳಕ್ಕಿಂತ 3 ಮಿ.ಮೀ. ಕೆಳಗೆ, ಅಲ್ಯೂಮಿನಿಯಂ ದೋಣಿಯಲ್ಲಿ 10 ಮಿ.ಮೀ. ಕೆಳಗೆ ಇರಬೇಕು. ದೋಣಿ ನೀರಿನಲ್ಲಿ ಜನ, ಐಸ್ ಪೆಟ್ಟಿಗೆ ಎಲ್ಲ ಹೊತ್ತು ನಿಂತಾಗ ಮುಖ ಸಮತಟ್ಟಾಗಿರಬೇಕು. ದಡದಲ್ಲಿ ಮಟ್ಟ ನೋಡಿ ಕಟ್ಟಿದರೆ ನೀರಿನಲ್ಲಿ ಓರೆಯಾಗುತ್ತದೆ, ಬಿಲ್ಲುಗಳು ಅರ್ಧಕ್ಕೆ ತುಂಡಾಗಿ ಕಾಣುತ್ತವೆ.

ಬಾಡಿಗೆ ದೋಣಿಗೆ ತೂತು ಕೊರೆಯುವಂತಿಲ್ಲವಲ್ಲ, ಅದಕ್ಕೆ ಪಕ್ಕಕ್ಕೆ ಕ್ಲ್ಯಾಂಪ್ ಹಾಕಿ ಒಂದಿಂಚಿನ ಸ್ಟೀಲ್ ಪೈಪ್ ಇಳಿಬಿಡುವುದು ಒಳ್ಳೆಯದು. ಪೈಪ್ ಅಲುಗದಂತೆ ಮುಂದಕ್ಕೊಂದು ಹಗ್ಗ ಬಿಗಿಯಿರಿ. ಆದರೆ ಹೀಗೆ ಕಟ್ಟಿದಾಗ 3–4 ನಾಟ್ ಮೀರಬೇಡಿ, ಜಾಗ ಬದಲಿಸುವಾಗ ಪೈಪ್ ಮೇಲೆತ್ತಿ. ಒಳಗಿನಿಂದಲೇ ಎಪಾಕ್ಸಿಯಲ್ಲಿ ಅಂಟಿಸುವ ಕ್ರಮವೂ ಇದೆ. ಅದು ಗಟ್ಟಿ ಫೈಬರ್‌ಗೆ ಮಾತ್ರ. ನಡುವೆ ಮರವೋ ಫೋಮೋ ಇದ್ದರೆ ಶಬ್ದ ದಾಟುವುದಿಲ್ಲ. ಅಂಟಿಸುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಅದರೊಳಗೆ ಟ್ರಾನ್ಸ್‌ಡ್ಯೂಸರ್ ಇಟ್ಟು, ದೋಣಿಯ ತಳಕ್ಕೆ ಒತ್ತಿ ನೋಡಿ. ತಳ ಸರಿಯಾಗಿ ಕಂಡರೆ ಮಾತ್ರ ಅಂಟಿಸಿ.

ಎಂಜಿನ್ ಜೋರು ಮಾಡಿದಂತೆ ಪರದೆಯಲ್ಲಿ ಅಡ್ಡಗೆರೆ ಹೆಚ್ಚಾದರೆ ಅದು ಗುಳ್ಳೆಯಲ್ಲ, ವಿದ್ಯುತ್ತಿನ ಗಲಾಟೆ. ಎಂಜಿನ್ ಬ್ಯಾಟರಿಯಿಂದ ತಂತಿ ಎಳೆಯದೆ ಪ್ರತ್ಯೇಕ 12 ವೋಲ್ಟಿನ 7 ಎಎಚ್ ಬ್ಯಾಟರಿ ಕೊಡಿ. ಈ ಗಾತ್ರದ ಪರದೆಗೆ ಅರ್ಧ ದಿನ ಧಾರಾಳ ಸಾಕು. ಓರೆಯಾಗಿ ಸಾಗುವ ಚುಕ್ಕೆಗಳ ಸಾಲು ಕಂಡರೆ ಹತ್ತಿರದ ಇನ್ನೊಂದು ದೋಣಿಯ ಯಂತ್ರ ಕೇಳಿಸುತ್ತಿದೆ, ನಿಮ್ಮದಕ್ಕೆ ಏನೂ ಆಗಿಲ್ಲ. ಟ್ರಾನ್ಸ್‌ಡ್ಯೂಸರ್‌ನ ತಂತಿ ಉದ್ದವಾಯಿತೆಂದು ಕತ್ತರಿಸಬೇಡಿ, ಸುತ್ತಿ ಕಟ್ಟಿ.

ಪ್ರಶ್ನೆ: ಸಮುದ್ರಕ್ಕೆ ಹೋಗುವ ಮೊದಲು ಹಾರಂಗಿಯಲ್ಲಿ ಅಭ್ಯಾಸ ಮಾಡಬಹುದೇ? – ಕುಶಾಲನಗರದ ಇನ್ನೊಬ್ಬ ಓದುಗರು

ಅನುಮತಿ ಇದ್ದರೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಜಲಾಶಯಕ್ಕೆ ದೋಣಿ ಇಳಿಸಲು ನೀರಾವರಿ ನಿಗಮದವರನ್ನೂ, ಗಾಳ ಹಾಕಲು ಮೀನುಗಾರಿಕೆ ಇಲಾಖೆಯವರನ್ನೂ ಕೇಳಲೇಬೇಕು. ಕೇಳದೆ ಇಳಿಯಬೇಡಿ.

ಜಲಾಶಯಕ್ಕೆ ಚಾರ್ಟ್ ಇಲ್ಲ ಎಂದು ಬಿಡಬೇಡಿ. ಸರ್ವೆ ಆಫ್ ಇಂಡಿಯಾದ, ಅಣೆಕಟ್ಟು ಕಟ್ಟುವ ಮೊದಲಿನ ಹಳೆಯ ಭೂಪಟ ಸಿಕ್ಕಿದರೆ ಅದೇ ಚಾರ್ಟ್. ಹಾರಂಗಿಯ ಗರಿಷ್ಠ ಮಟ್ಟ 2,859 ಅಡಿ, ಅಂದರೆ 871.4 ಮೀಟರ್. ಭೂಪಟದ 860 ಮೀಟರ್ ಗೆರೆ ಜಲಾಶಯ ತುಂಬಿದಾಗ 11 ಮೀಟರ್ ಆಳದಲ್ಲಿರುತ್ತದೆ, 840ರ ಗೆರೆ 31 ಮೀಟರ್ ಆಳದಲ್ಲಿ. ಪತ್ರಿಕೆಯಲ್ಲಿ ಮಳೆಗಾಲದಲ್ಲಿ ದಿನವೂ ಬರುವ ಮಟ್ಟವನ್ನು ಅಡಿಯಿಂದ ಮೀಟರಿಗೆ ತಂದು (0.3048ರಿಂದ ಗುಣಿಸಿ) ಗೆರೆಯ ಎತ್ತರ ಕಳೆದರೆ ಅವತ್ತಿನ ಆಳ ಸಿಗುತ್ತದೆ. ಸಮುದ್ರದಲ್ಲಿ ಉಬ್ಬರ ಕೂಡಿಸಿದ ಲೆಕ್ಕವೇ ಇದು. ಭೂಪಟದಲ್ಲಿ ಹಳೆಯ ಹೊಳೆ ಹರಿದ ದಾರಿ ನೋಡಿ, ಪರದೆಯಲ್ಲಿ ಅದರ ಎರಡು ದಂಡೆಗಳು ಮೂಡುವುದನ್ನು ನೋಡಿ. ಒಂದೇ ಬೆಳಗಿನಲ್ಲಿ ಗೆರೆಗೂ ಪರದೆಗೂ ಇರುವ ಸಂಬಂಧ ಕೈಗೆ ಹತ್ತುತ್ತದೆ.

ಘಟ್ಟ ಇಳಿಯುವಾಗ ಯಂತ್ರದ ಸಿಹಿನೀರು ಸೆಟ್ಟಿಂಗ್ ಅನ್ನು ಉಪ್ಪುನೀರಿಗೆ ಬದಲಿಸಲು ಮರೆಯಬೇಡಿ. ಬೆಚ್ಚನೆಯ ಉಪ್ಪುನೀರಿನಲ್ಲಿ ಶಬ್ದ ಹೆಚ್ಚು ವೇಗವಾಗಿ ಸಾಗುತ್ತದೆ. ಬದಲಿಸದಿದ್ದರೆ 50 ಮೀಟರ್ ಆಳದಲ್ಲಿ ಸುಮಾರು ಒಂದೂವರೆ ಮೀಟರ್ ಕಡಿಮೆ ತೋರಿಸುತ್ತದೆ.

ಪ್ರಶ್ನೆ: ಕಲ್ಲಿನ ಮೇಲೆಯೇ ನಿಂತು ಗಾಳ ಬಿಟ್ಟರೂ ಗುಂಡು ಕೆಸರಿಗೆ ಬೀಳುತ್ತದೆ. – ಸಿದ್ದಾಪುರದ ಓದುಗರು

ಗುಂಡು ಇಳಿಯುವಷ್ಟರಲ್ಲಿ ದೋಣಿ ಸಾಗಿರುತ್ತದೆ. ಎಂಜಿನ್ ಆರಿಸಿ ಐದು ನಿಮಿಷ ಸುಮ್ಮನೆ ತೇಲಿ, ಜಿಪಿಎಸ್‌ನಲ್ಲಿ ಯಾವ ಕಡೆ ಎಷ್ಟು ವೇಗದಲ್ಲಿ ಹೋಗುತ್ತಿದ್ದೀರಿ ನೋಡಿ. ಗುಂಡು ತಳ ಮುಟ್ಟಲು ಎಷ್ಟು ಸೆಕೆಂಡ್ ಬೇಕೆಂದು ಎಣಿಸಿ. 1 ನಾಟ್ ಅಂದರೆ ಸೆಕೆಂಡಿಗೆ ಅರ್ಧ ಮೀಟರ್. 40 ಸೆಕೆಂಡ್ ಹಿಡಿದರೆ ದೋಣಿ 20 ಮೀಟರ್ ಮುಂದೆ ಹೋಗಿರುತ್ತದೆ. ಕಲ್ಲಿಗೆ 20 ಮೀಟರ್ ಇರುವಾಗಲೇ, ಮೇಲ್ಹರಿವಿನ ಕಡೆಯಿಂದ ಗಾಳ ಬಿಡಿ. ಕಲ್ಲು ದಾಟಿದ ಮೇಲೆ ಎತ್ತಿ, ದೂರದಿಂದ ಸುತ್ತಿ ಬನ್ನಿ. ಕಲ್ಲಿನ ಮೇಲೆಯೇ ಎಂಜಿನ್ ಹಾಯಿಸಬೇಡಿ.

ಲಂಗರು ಹಾಕುವುದಾದರೆ 40 ಮೀಟರ್ ನೀರಿಗೆ ಕನಿಷ್ಠ 120 ಮೀಟರ್ ಹಗ್ಗ, ತುದಿಗೆ ಒಂದಷ್ಟು ಸರಪಳಿ. ಹಗ್ಗ ಉದ್ದವಾದಷ್ಟೂ ದೋಣಿ ಹಿಂದೆ ಸರಿಯುತ್ತದೆ, ಆ ಲೆಕ್ಕ ಹಿಡಿದು ಲಂಗರನ್ನು ಕಲ್ಲಿನಿಂದ ನೂರು ಮೀಟರ್ ಮೇಲ್ಹರಿವಿನ ಕಡೆಗೆ ಬಿಡಬೇಕು. ಕಲ್ಲಿನಲ್ಲಿ ಸಿಕ್ಕಿಕೊಂಡ ಲಂಗರನ್ನು ದೋಣಿಯ ಹಿಂಬದಿಗೆ ಕಟ್ಟಿ ಎಳೆಯಬೇಡಿ. ಅಲೆ ಹಿಂದಿನಿಂದ ಒಳಗೆ ನುಗ್ಗಿ ದೋಣಿ ಮುಳುಗುವುದು ಹೀಗೆಯೇ. ಬಿಡದಿದ್ದರೆ ಹಗ್ಗ ಕತ್ತರಿಸಿ.

ಪ್ರಶ್ನೆ: ಸಂಜೆಯಾಗುತ್ತಿದ್ದಂತೆ ನಡುನೀರಿನಲ್ಲಿ ಉದ್ದಕ್ಕೂ ದಪ್ಪ ಪಟ್ಟಿ ಕಂಡಿತು. ಅಷ್ಟೂ ಮೀನೇ? – ಪೊನ್ನಂಪೇಟೆಯ ಓದುಗರು

ಹೆಚ್ಚಾಗಿ ಅಲ್ಲ. ಹಗಲಲ್ಲಿ ಆಳದಲ್ಲಿದ್ದು ಕತ್ತಲಾದಂತೆ ಮೇಲೆ ಬರುವ ಸಣ್ಣ ಜೀವಿಗಳ ಪದರ ಅದು. ಬಿಸಿ ಮತ್ತು ತಣ್ಣೀರು ಸೇರುವ ಗಡಿಯೂ ತೆಳು ಪಟ್ಟಿಯಾಗಿ ಕಾಣುತ್ತದೆ. ಪಟ್ಟಿಯ ಮೇಲಂಚು ಕೆಳಂಚಿನಲ್ಲಿ ಬಿಡಿ ಬಿಲ್ಲುಗಳು ಇವೆಯೇ ನೋಡಿ, ಗಾಳ ಇಳಿಸಬೇಕಾದ ಆಳ ಅದು. ಮಳೆಗಾಲ ಮುಗಿದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮ್ಮ ಕರಾವಳಿಯಾಚೆ ತಳದ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆಯಾಗುತ್ತದೆ. ಆಗ ಒಳ್ಳೆಯ ಕಲ್ಲೂ ಖಾಲಿ ಇರಬಹುದು. ಕಲ್ಲನ್ನು ಅಳಿಸಿಹಾಕಬೇಡಿ, ಜನವರಿಯಲ್ಲಿ ಮತ್ತೆ ನೋಡಿ.

ಮೇಲ್ನೀರಿನ ಮೀನಿಗೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ನೀರಿನ ಉಷ್ಣತೆ ಮತ್ತು ಹಸಿರಿನ ಅಂಶ ನೋಡಿ, ಮೀನು ಸೇರುವ ಸಂಭವವಿರುವ ವಲಯಗಳನ್ನು ಬಂದರುವಾರು ದೂರ, ದಿಕ್ಕು, ಆಳ ಸಮೇತ ಉಚಿತವಾಗಿ ಕೊಡುತ್ತದೆ. ಅಲೆಯ ಮುನ್ಸೂಚನೆಯೂ ಅಲ್ಲೇ ಸಿಗುತ್ತದೆ. ಹೊರಡುವ ಹಿಂದಿನ ರಾತ್ರಿ ಮಡಿಕೇರಿಯಲ್ಲೇ ಕುಳಿತು ಎರಡನ್ನೂ ನೋಡಿ. ಅಲೆ ಜೋರಿದ್ದರೆ ಘಟ್ಟ ಇಳಿಯುವ ಖರ್ಚೂ ಉಳಿಯುತ್ತದೆ.

ಪ್ರಶ್ನೆ: ಯಂತ್ರ ರಿಪೇರಿಗೆ ಕೊಟ್ಟಿದ್ದೆ. ವಾಪಸ್ ಬಂದಾಗ ಮೂರು ವರ್ಷದ ಮಾರ್ಕ್‌ಗಳೆಲ್ಲ ಹೋಗಿದ್ದವು. – ಶನಿವಾರಸಂತೆಯ ಓದುಗರು

ರಿಪೇರಿಯಲ್ಲಿ ಸಾಫ್ಟ್‌ವೇರ್ ಹೊಸದಾಗಿ ಹಾಕಿದರೆ ಒಳಗಿನ ಮಾರ್ಕ್‌ಗಳು ಅಳಿಸಿಹೋಗುತ್ತವೆ, ವಾಪಸ್ ತರಲಾಗದು. ಇನ್ನು ಮುಂದೆ ಪ್ರತಿ ಪ್ರಯಾಣದ ಕೊನೆಗೆ ಮೆಮೊರಿ ಕಾರ್ಡ್‌ಗೆ ನಕಲು ಮಾಡಿ, ಕಾರ್ಡ್ ಹೊರಗೆ ತೆಗೆದಿಡಿ. ಜೊತೆಗೆ ಒಂದು ನೋಟ್‌ಬುಕ್‌ನಲ್ಲಿ ಪೆನ್ಸಿಲ್‌ನಿಂದ ಬರೆಯಿರಿ: ಅಂಕಿ ಮತ್ತು ಅದರ ರೂಪ, ಆಳ, ತಳ ಎಂಥದ್ದು, ಎರಡನೆಯ ಗೆರೆ ಬಂತೇ, ಹರಿವು ಯಾವ ಕಡೆಗಿತ್ತು, ತಿಥಿ, ಹೊತ್ತು, ಏನು ಸಿಕ್ಕಿತು. ಮಾರ್ಕ್‌ಗೆ ಬರೀ 001, 002 ಎಂದು ಬಿಡದೆ 'ಕಲ್ಲು 38', 'ಅಂಚು 52' ಎಂದು ಆಳ ಸೇರಿಸಿ ಹೆಸರಿಡಿ. ಹಳೆಯ ಜಾಗಗಳ ಪೈಕಿ ತಂಡೇಲರಿಗೆ ನೆನಪಿರುವುದನ್ನು ಈಗಲೇ ಕೇಳಿ ಬರೆದುಕೊಳ್ಳಿ.